ಹನ್ನೊಂದು ಮಕ್ಕಳಿಲ್ಲದ ಊರಲ್ಲಿ ಫುಟ್‌ಬಾಲ್

ಫುಟ್‌ಬಾಲ್ ಬಡವರ ಆಟ ಅಂತ ಎಲ್ಲರೂ ಹೇಳುತ್ತಾರೆ. ಒಂದು ಚೆಂಡು, ಒಂದಿಷ್ಟು ಸಪಾಟು ಜಾಗ, ಇಪ್ಪತ್ತೆರಡು ಜನ. ಮತ್ತೇನೂ ಬೇಡವಂತೆ. ಹಾಗೆ ಹೇಳುವವರು ಯಾರೂ ನಿಲ್ಕುಂದಕ್ಕೆ ಬಂದವರಲ್ಲ. ಇಲ್ಲಿ ಚೆಂಡನ್ನು ಹೇಗಾದರೂ ಹುಟ್ಟಿಸಬಹುದು. ಸಪಾಟು ಜಾಗವನ್ನೂ ಇಪ್ಪತ್ತೆರಡು ಜನರನ್ನೂ ಎಲ್ಲಿಂದ ತರುವುದು? ಸಿದ್ದಾಪುರ ತಾಲ್ಲೂಕಿನ ಈ ಊರು ಘಟ್ಟದ ಅಂಚಿಗೆ ಕೂತಿದೆ. ಮನೆಯ ಮೇಲೆ ಬೆಟ್ಟ, ಮನೆಯ ಕೆಳಗೆ ತೋಟ, ತೋಟದ ಕೆಳಗೆ ಹಳ್ಳ. ನಡುವೆ ಅಂಗಳ ಅಂತ ಒಂದೇ ಒಂದು ಸಮತಟ್ಟು, ಅದೂ ವರ್ಷದಲ್ಲಿ ನಾಲ್ಕು ತಿಂಗಳು ಅಡಿಕೆಗೆ ಮೀಸಲು. ಚೆಂಡನ್ನು ಮೂಡಲಿಗೆ ಒದೆಯಿರಿ, ಪಡುವಲಿಗೆ ಒದೆಯಿರಿ, ಅದು ಸ್ವಲ್ಪ ಹೊತ್ತು ಯೋಚಿಸಿದ ಹಾಗೆ ಮಾಡಿ ಕೊನೆಗೆ ಹಳ್ಳದ ದಾರಿಯನ್ನೇ ಹಿಡಿಯುತ್ತದೆ.

ಆಟದ ಬಯಲು ಅಂತ ನಾವು ಕರೆಯುವುದಕ್ಕೂ ಒಂದು ತಲೆ, ಒಂದು ಬುಡ ಇದೆ. ಮೇಲಿನ ಗೋಲಿಂದ ಕೆಳಗಿನ ಗೋಲಿಗೆ ಚೆಂಡು ತಾನಾಗಿಯೇ ಹೋಗುತ್ತದೆ. ಕೆಳಗಿಂದ ಮೇಲಕ್ಕೆ ಆಡುವ ತಂಡ ಮಾತ್ರ ನಿಜವಾದ ಫುಟ್‌ಬಾಲ್ ಆಡಬೇಕಾಗುತ್ತದೆ. ಅರ್ಧ ಆಟಕ್ಕೆ ಬದಿ ಬದಲಾಯಿಸುವ ನಿಯಮ ಎಷ್ಟು ನ್ಯಾಯವಾದದ್ದು ಎನ್ನುವುದು ಇಂಥ ಕಡೆ ಆಡಿದವರಿಗೇ ಗೊತ್ತು. ಆದರೂ ಇಳಿಜಾರಿಗೆ ಒಂದು ಗುಣವಿದೆ. ಬಂದ ಚೆಂಡನ್ನು ಒಂದೇ ಏಟಿಗೆ ಪಾದದಡಿ ನಿಲ್ಲಿಸದಿದ್ದರೆ ಅದರ ಹಿಂದೆ ಹಳ್ಳದ ತನಕ ಇಳಿಯಬೇಕು, ಮಳೆಗಾಲವಾದರೆ ಉಂಬಳಕ್ಕೆ ರಕ್ತದಾನವನ್ನೂ ಮಾಡಿ ಬರಬೇಕು. ದೊಡ್ಡ ಕೋಚುಗಳು ವರ್ಷಗಟ್ಟಲೆ ಹೇಳಿಕೊಟ್ಟರೂ ಬಾರದ ‘ಮೊದಲ ಸ್ಪರ್ಶ’ ಇಲ್ಲಿನ ಮಕ್ಕಳಿಗೆ ಒಂದು ಮಳೆಗಾಲದಲ್ಲೇ ಬಂದುಬಿಡುತ್ತದೆ. ಶುಲ್ಕ ಇಲ್ಲ.

ನನ್ನ ಮಗಳಿಗೆ ಈ ಹುಚ್ಚು ಹಿಡಿದದ್ದು 2022ರ ಡಿಸೆಂಬರ್ 18ರ ರಾತ್ರಿ. ಕತಾರಿನಲ್ಲಿ ವಿಶ್ವಕಪ್ಪಿನ ಫೈನಲ್. ನಮಗದು ರಾತ್ರಿ ಎಂಟೂವರೆಗೆ ಶುರು, ಕೊನೆ ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವುದಕ್ಕೆ ಹೇಳಿ ಮಾಡಿಸಿದ ಹೊತ್ತು. ಟಿವಿಯನ್ನು ಜಗಲಿಗೆ ತಂದಿಟ್ಟಿದ್ದೆವು. ಸುಲಿಯುವವರಲ್ಲಿ ಅರ್ಧ ಜನಕ್ಕೆ ಆಫ್‌ಸೈಡ್ ಎಂದರೆ ಏನು ಅಂತ ತಿಳಿಯದು. ಆದರೂ ಎಂಬಾಪೆ ಎರಡು ಗೋಲುಗಳನ್ನು ಬೆನ್ನುಬೆನ್ನಿಗೆ ಹೊಡೆದಾಗ ಮೆಟ್ಟುಗತ್ತಿಗಳೆಲ್ಲ ನಿಂತುಹೋದವು. ಪೆನಾಲ್ಟಿಗೆ ಬರುವಷ್ಟರಲ್ಲಿ ನನ್ನ ತಾಯಿ, ಆ ಗೋಲು ಕಾಯುವವನಿಗೆ ಯಾರಾದರೂ ದೃಷ್ಟಿ ತೆಗೆಯಿರಿ ಅಂತ ಹೇಳುವ ಹಂತಕ್ಕೆ ಬಂದಿದ್ದರು. ಮಗಳು ಆಗ ಎರಡನೇ ಕ್ಲಾಸು. ನಡುರಾತ್ರಿಯಾಗುತ್ತ ಬಂದರೂ ಮಲಗಲಿಲ್ಲ. ಮಾರನೇ ದಿನ ಸುಲಿಯಲು ಬಾಕಿ ಇದ್ದ ಗೋಟಡಿಕೆಯನ್ನು ಅಂಗಳದಲ್ಲಿ ಒದೆಯುತ್ತ ಓಡಾಡುತ್ತಿದ್ದಳು. ಈಗ ಐದನೇ ಕ್ಲಾಸು. ಹುಚ್ಚು ಇಳಿದಿಲ್ಲ, ಕಾಲು ಮಾತ್ರ ಉದ್ದವಾಗಿದೆ.

ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗನೂ ಇವಳ ಓರಗೆಯವನೇ. ಅವನು ವಾರಕ್ಕೆ ಮೂರು ಸಂಜೆ ಅಕಾಡೆಮಿಗೆ ಹೋಗುತ್ತಾನೆ. ಹಸಿರು ಪ್ಲಾಸ್ಟಿಕ್ ಹುಲ್ಲು, ರಾತ್ರಿಗೆ ದೀಪ, ಕಿತ್ತಳೆ ಬಣ್ಣದ ಶಂಕುಗಳು, ಬೆನ್ನ ಮೇಲೆ ಹೆಸರು ಬರೆಸಿದ ಅಂಗಿ. ತಿಂಗಳ ಶುಲ್ಕ ಕೇಳಿ ನಾನು ಲೆಕ್ಕ ಹಾಕಿದೆ. ಅಷ್ಟು ದುಡ್ಡಿಗೆ ಇಲ್ಲಿ ಕೊನೆಗೌಡ ಎಷ್ಟೋ ಮರ ಹತ್ತಿ ಇಳಿಯುತ್ತಾನೆ. ‘ಅಣ್ಣಾ, ಪ್ರತಿಭೆ ಇದ್ದರೆ ಇಲ್ಲಿಗೇ ಕಳಿಸಿಬಿಡು’ ಅಂತ ತಮ್ಮ ಹೇಳಿದ. ಪ್ರತಿಭೆ ಇದೆಯೋ ಇಲ್ಲವೋ ಹತ್ತು ವರ್ಷದ ಮಗುವನ್ನು ನೋಡಿ ಹೇಳುವವರು ಜ್ಯೋತಿಷಿಗಳು. ಚೆಂಡು ಕಂಡರೆ ಕಾಲು ಸುಮ್ಮನಿರುವುದಿಲ್ಲ ಎನ್ನುವುದಷ್ಟೇ ನನಗೆ ಗೊತ್ತಿದ್ದದ್ದು. ಅಷ್ಟಕ್ಕೆ ಬೆಂಗಳೂರು ಯಾಕೆ ಬೇಕು, ಇಲ್ಲೇ ಏನಾಗುತ್ತದೆ ನೋಡೋಣ ಅಂತ ಹೊರಟೆ.

ಮೊದಲ ಖರ್ಚು ಚೆಂಡು. ಶಿರಸಿ ಪೇಟೆಯ ಅಂಗಡಿಯವ ಐದನೇ ನಂಬರಿನದನ್ನೇ ಮುಂದಿಟ್ಟ. ‘ಬೆಳೆಯೋ ಮಗು, ದೊಡ್ಡದೇ ತಗೊಳ್ಳಿ, ನಾಲ್ಕು ವರ್ಷ ಬರ್ತದೆ’ ಅಂದ. ಶಾಲೆಯ ಯೂನಿಫಾರ್ಮನ್ನು ಒಂದು ಅಳತೆ ದೊಡ್ಡದು ಹೊಲಿಸುವ ನಮ್ಮ ಜನಕ್ಕೆ ಇದು ಸರಿಯಾದ ಮಾತೇ. ಆದರೆ ಐದನೇ ನಂಬರಿನ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ, ಸುತ್ತಳತೆ 68ರಿಂದ 70 ಸೆಂಟಿಮೀಟರ್. ಅದು ದೊಡ್ಡವರ ಪಂದ್ಯದ ಚೆಂಡು. ಎಂಟರಿಂದ ಹನ್ನೆರಡರ ಮಕ್ಕಳಿಗೆ ನಾಲ್ಕನೇ ನಂಬರು, ಅದಕ್ಕಿಂತ ಚಿಕ್ಕವರಿಗೆ ಮೂರು. ಭಾರದ ಚೆಂಡನ್ನು ಸಣ್ಣ ಕಾಲಲ್ಲಿ ಒದ್ದು ಒದ್ದು ಮಕ್ಕಳು ಬೆರಳ ತುದಿಯಲ್ಲಿ ಚುಚ್ಚುವುದನ್ನು ಕಲಿತುಬಿಡುತ್ತಾರೆ. ಆ ಚಟ ಆಮೇಲೆ ಬಿಡುವುದಿಲ್ಲ. ನಾಲ್ಕನೇದು ಒಳಗೆ ಮೂಲೆಯಲ್ಲಿ ಧೂಳು ತಿನ್ನುತ್ತ ಕೂತಿತ್ತು. ಜಲಂಧರದಲ್ಲಿ ತಯಾರಾದ ಮಾಲು. ಕೇಳುವವರಿಲ್ಲದ ಸರಕಾದ್ದರಿಂದ ಚೌಕಾಸಿಗೂ ಬಗ್ಗಿತು. ಚೆಂಡಿನ ಜೊತೆ ಒಂದು ಕೈಪಂಪು, ಎರಡು ಸೂಜಿ.

ಆ ಸೂಜಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಒಣ ಸೂಜಿಯನ್ನು ಹಾಗೇ ಚುಚ್ಚಿದರೆ ಒಳಗಿನ ವಾಲ್ವು ಹರಿಯುತ್ತದೆ. ಐನೂರರ ಆಸುಪಾಸಿನ ಚೆಂಡು ಹಾಳಾಗುವುದು ಹತ್ತು ರೂಪಾಯಿಯ ಸೂಜಿಯ ದೆಸೆಯಿಂದಲೇ ಹೆಚ್ಚು. ನಮ್ಮಲ್ಲಿ ದೇವರ ದೀಪದ ಪಕ್ಕದ ಎಣ್ಣೆ ಗಿಂಡಿಗೆ ಸೂಜಿಯನ್ನು ಒಮ್ಮೆ ಅದ್ದಿ, ನಿಧಾನ ತಿರುಗಿಸುತ್ತ ಒಳಗೆ ಬಿಡುವುದು ಅಂತ ಪದ್ಧತಿ. ಗಾಳಿಯನ್ನು ಗಟ್ಟಿಯಾಗಿ ತುಂಬುವುದಿಲ್ಲ. ಹೆಬ್ಬೆರಳು ಒತ್ತಿದರೆ ಸ್ವಲ್ಪ ಒಳಗೆ ಹೋಗಬೇಕು. ಇಳಿಜಾರಿನಲ್ಲಿ ಅದು ಕಡಿಮೆ ಪುಟಿಯುತ್ತದೆ, ಅಂಗಳದಲ್ಲಿ ಹಂಚಿನ ತನಕ ಹಾರುವುದಿಲ್ಲ. ಬೇಲಿಯ ಮುಳ್ಳು ಹೊಕ್ಕರೆ ಹೊಲಿಗೆಯ ಚೆಂಡಾದರೆ ಬಿಚ್ಚಿ ಬ್ಲ್ಯಾಡರಿಗೆ ತೇಪೆ ಹಾಕಿಸಬಹುದು. ಸೈಕಲ್ ಅಂಗಡಿಯವರು ಮೊದಲು ನಕ್ಕರೂ ಆಮೇಲೆ ಮಾಡಿಕೊಡುತ್ತಾರೆ. ಅಚ್ಚಿನ ರಬ್ಬರ್ ಚೆಂಡಿಗೆ ಆ ಭಾಗ್ಯ ಇಲ್ಲ.

ಚೆಂಡು ಇಲ್ಲದ ದಿನಗಳಿಗೆ ಚಕ್ಕೋತ ಇದೆ. ಮರದಡಿ ಬಿದ್ದು ಉರುಳಾಡುವ ಚಕ್ಕೋತವನ್ನು ಒದೆಯದೆ ದೊಡ್ಡವರಾದ ಮಕ್ಕಳು ನಮ್ಮ ಸೀಮೆಯಲ್ಲಿ ಇಲ್ಲ. ಎರಡು ದಿನ ಆಡಿದರೆ ಅದು ಮೆತ್ತಗಾಗಿ ಕಾಲಿಗೆ ಹದವಾಗುತ್ತದೆ, ಮೂರನೇ ದಿನ ದನ ತಿನ್ನುತ್ತದೆ. ಬ್ರೆಜಿಲ್ಲಿನ ಬೌರು ಪಟ್ಟಣದಲ್ಲಿ ಪೆಲೆ ಹುಡುಗನಾಗಿದ್ದಾಗ ಕಾಲುಚೀಲಕ್ಕೆ ಕಾಗದ, ಚಿಂದಿ ತುರುಕಿ ಚೆಂಡು ಮಾಡಿಕೊಂಡು ಆಡಿದ್ದು ಲೋಕಕ್ಕೆಲ್ಲ ಗೊತ್ತಿರುವ ಕತೆ. ಅದನ್ನು ಕೇಳಿ ನಾನೂ ಹಳೆಯ ಉಣ್ಣೆ ಕಾಲುಚೀಲದೊಳಗೆ ಬಟ್ಟೆ ತುಂಬಿ ಹೊಲಿದುಕೊಟ್ಟೆ. ಬಡತನದ ಸಾಧನ ಅಂದುಕೊಂಡದ್ದು ಕಲಿಕೆಗೆ ಒಳ್ಳೆಯದೇ ಆಯಿತು. ಬಟ್ಟೆಚೆಂಡು ಪುಟಿಯುವುದಿಲ್ಲವಾದ್ದರಿಂದ ಪಾದದ ಮೇಲೆ ಎತ್ತಿ ಎತ್ತಿ ಹಾರಿಸುವ ಅಭ್ಯಾಸಕ್ಕೆ ನಿಜವಾದ ಚೆಂಡಿಗಿಂತ ಅದೇ ವಾಸಿ. ಊಟದ ಮನೆಯಲ್ಲಿ ಬಿದ್ದರೂ ಪಾತ್ರೆ ಒಡೆಯದು.

ಶೂ ವಿಷಯದಲ್ಲಿ ಮನೆಯಲ್ಲಿ ದೊಡ್ಡ ಚರ್ಚೆ ನಡೆಯಿತು. ತಮ್ಮ ಕಳಿಸಿದ ಫೋಟೋದಲ್ಲಿದ್ದ ಬೂಟಿನ ಬೆಲೆಗೆ ಒಂದು ಕರು ಬರುತ್ತಿತ್ತು. ನಾನು ಚರಿತ್ರೆಯ ಮೊರೆ ಹೋದೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಆಟಗಾರರಲ್ಲಿ ಬಹುಪಾಲು ಜನ ಬರಿಗಾಲಲ್ಲೇ ಫ್ರಾನ್ಸಿನ ಎದುರು ಇಳಿದರು. 1–2ರಿಂದ ಸೋತರು. ಆ ಒಂದು ಗೋಲು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲಿನ ‘ಪಂಚಪಾಂಡವ’ರಲ್ಲಿ ಒಬ್ಬರಾದರು. ಚೆಂಡನ್ನು ಬರಿಗಾಲಲ್ಲಿ ಹಾವಾಡಿಗರ ಹಾಗೆ ಆಡಿಸುತ್ತಾರೆಂದು ಅಲ್ಲಿನ ಜನ ಅವರಿಗೆ ಹೆಸರೇ ಇಟ್ಟಿದ್ದರು. ಹೀಗೆಲ್ಲ ಹೇಳಿ ಬೂಟು ಬೇಡವೆಂದು ಸಾಧಿಸಿಬಿಡಬಹುದಿತ್ತು. ಆದರೆ ಚರಿತ್ರೆ ಅಲ್ಲಿಗೇ ನಿಲ್ಲುವುದಿಲ್ಲ. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ಹತ್ತು ಗೋಲು ಹೊಡೆಯಿತು, ನಮ್ಮ ಕಡೆಯ ಒಂದೇ ಗೋಲು ಅಹಮದ್ ಖಾನರದು. ಅದಾದ ಮೇಲೆ ನಮ್ಮ ಫುಟ್‌ಬಾಲ್ ಸಂಸ್ಥೆ ಬೂಟನ್ನು ಕಡ್ಡಾಯ ಮಾಡಿತು. ಕೊನೆಗೆ ನಮ್ಮ ಮನೆಯಲ್ಲಾದ ರಾಜಿ ಹೀಗೆ: ಅಂಗಳದಲ್ಲಿ ಬರಿಗಾಲು, ಬಯಲಲ್ಲಿ ಅಗ್ಗದ ಕ್ಯಾನ್ವಾಸ್ ಶೂ. ಚಿರೆಕಲ್ಲಿನ ನೆಲದಲ್ಲಿ ಗುಬುಟಿನ ಬೂಟು ಹಾಕಿದರೆ ಹೇಗೂ ಜಾರುವುದೇ. ಹುಲ್ಲುಗಾವಲು ಸಿಕ್ಕ ದಿನ ಬೂಟಿನ ಯೋಚನೆ ಮಾಡೋಣ ಅಂದೆ. ಮಗಳು ಅದನ್ನು ಬರೆದಿಟ್ಟುಕೊಂಡಿದ್ದಾಳೆ.

ಇಷ್ಟೆಲ್ಲ ಸಾಮಾನಿಗಿಂತ ಹೆಚ್ಚು ಕಲಿಸಿದ್ದು ಕೊಟ್ಟಿಗೆಯ ಗೋಡೆ. ಚಿರೆಕಲ್ಲಿನ ಗೋಡೆ, ಮೇಲೆ ಕೆಮ್ಮಣ್ಣಿನ ಬಳಿತ. ಸೊಂಟದ ಎತ್ತರಕ್ಕೆ ಶೇಡಿಯಲ್ಲಿ ತಟ್ಟೆಯಗಲದ ಎರಡು ಸುತ್ತು ಬರೆದುಕೊಟ್ಟೆ, ಬಲಗಾಲಿಗೊಂದು, ಎಡಗಾಲಿಗೊಂದು. ಸುತ್ತಿನೊಳಗೆ ಹೊಡೆಯಬೇಕು, ತಿರುಗಿ ಬಂದದ್ದನ್ನು ಒಂದೇ ಸ್ಪರ್ಶಕ್ಕೆ ಹಿಡಿಯಬೇಕು, ಇನ್ನೊಂದು ಕಾಲಲ್ಲಿ ಮತ್ತೆ ಹೊಡೆಯಬೇಕು. ಕೇಳಲು ಬೇಸರದ ಕೆಲಸ. ಆದರೆ ಗೋಡೆಯಂಥ ಜೊತೆಗಾರ ಇಲ್ಲ. ಅದು ಹೋಂವರ್ಕ್ ಇದೆ ಅನ್ನುವುದಿಲ್ಲ, ಬೆಂಗಳೂರಿಗೆ ಹೋಗುವುದಿಲ್ಲ, ಕೊಟ್ಟದ್ದನ್ನು ಕೊಟ್ಟ ರಭಸಕ್ಕೇ ವಾಪಸ್ ಮಾಡುತ್ತದೆ. ಚಿರೆಕಲ್ಲಿನ ತೂತು, ಉಬ್ಬುಗಳಿಗೆ ತಾಗಿ ಚೆಂಡು ಒಮ್ಮೊಮ್ಮೆ ವಾರೆಯಾಗಿಯೂ ಬರುವುದರಿಂದ ಕಾಲು ನಿದ್ದೆ ಹೋಗುವಂತಿಲ್ಲ. ಹಾಲೆಂಡಿನ ಡೆನಿಸ್ ಬರ್ಗ್‌ಕ್ಯಾಂಪ್ ಚಿಕ್ಕಂದಿನಲ್ಲಿ ಗಂಟೆಗಟ್ಟಲೆ ಮನೆಯ ಬಳಿಯ ಗೋಡೆಗೆ ಚೆಂಡು ಹೊಡೆಯುತ್ತ, ಅದು ಎಲ್ಲಿ ತಾಗಿದರೆ ಹೇಗೆ ತಿರುಗುತ್ತದೆಂದು ನೋಡುತ್ತ ನಿಲ್ಲುತ್ತಿದ್ದರಂತೆ. ಮುಂದೆ ಅವರಷ್ಟು ನಯವಾಗಿ ಚೆಂಡನ್ನು ಹಿಡಿದವರು ಕಡಿಮೆ.

ನಮ್ಮಲ್ಲಿ ಗೋಡೆಯ ಆಚೆ ದನಗಳಿದ್ದವು ಎನ್ನುವುದು ಮಾತ್ರ ವ್ಯತ್ಯಾಸ. ‘ಕೂಸೇ, ಆ ಗೋಡೆ ನಿಂಗೆ ಎಂತ ಅನ್ಯಾಯ ಮಾಡಿದ್ದು?’ ಅಂತ ಅಮ್ಮಮ್ಮ ಸಂಜೆ ಹಾಲು ಕರೆಯುವ ಹೊತ್ತಿಗೆ ಕೇಳುವುದು ಶುರುವಾಯಿತು. ದಢ್ ದಢ್ ಸದ್ದಿಗೆ ಎಮ್ಮೆ ಸೊರ ಬಿಡುವುದಿಲ್ಲವಂತೆ. ಹಾಲು ಕರೆದಾದ ಮೇಲೆ ಗೋಡೆ ಅಂತ ಕರಾರಾಯಿತು. ಎಮ್ಮೆಗೆ ಈಗ ಅದೂ ರೂಢಿಯಾಗಿದೆ. ಮಗಳ ಎಡಗಾಲಿನ ಕಡೆಯ ಸುತ್ತಿನ ಶೇಡಿ ಮೊದಮೊದಲು ಅಳಿಯುತ್ತಲೇ ಇರಲಿಲ್ಲ, ಅದರ ಸುತ್ತಮುತ್ತಲೆಲ್ಲ ಚೆಂಡಿನ ಗುರುತು. ಒಂದು ದಿನ ತೋಟಕ್ಕೆ ಓಡಿಬಂದು ‘ಅಪ್ಪಾ, ಆನು ಎಡಗಾಲಲ್ಲಿ ಒದ್ದಿ, ಸಮಾ ಒಳಗೇ ಬಿತ್ತು’ ಅಂತ ಕೂಗಿದ್ದಕ್ಕೆ ಮರದ ಮೇಲಿದ್ದ ಕೊನೆಗೌಡ ಗಾಬರಿಯಾಗಿ ಕೆಳಗೆ ನೋಡಿದ.

ಅಂಗಳಕ್ಕೆ ಬರೋಣ. ಉರುಗ್ವೆಯ ಮಾಂಟೆವಿಡಿಯೊದಲ್ಲಿ 1930ರಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಶಿಕ್ಷಕ ಫುಟ್‌ಬಾಲನ್ನು ಬಾಸ್ಕೆಟ್‌ಬಾಲ್ ಅಂಕಣದ ಅಳತೆಗೆ ಕುಗ್ಗಿಸಿದ. ತಂಡಕ್ಕೆ ಐದೇ ಜನ. ಅದೇ ಈಗ ಫುಟ್ಸಾಲ್. ಪೆಲೆಯಿಂದ ನೇಮಾರ್ ತನಕ ಬ್ರೆಜಿಲ್ಲಿನ ಎಷ್ಟೋ ದೊಡ್ಡ ಆಟಗಾರರ ಕಾಲು ಪಳಗಿದ್ದು ಈ ಇಕ್ಕಟ್ಟಿನಲ್ಲಿ. ದೊಡ್ಡ ಬಯಲಲ್ಲಿ ಹನ್ನೊಂದು ಹನ್ನೊಂದು ಮಕ್ಕಳನ್ನು ಬಿಟ್ಟರೆ ಜೋರಿನವರು ನಾಲ್ಕು ಜನ ಆಡುತ್ತಾರೆ, ಉಳಿದವರು ಹುಲ್ಲು ಕೀಳುತ್ತ ನಿಂತಿರುತ್ತಾರೆ. ಜಾಗ ಚಿಕ್ಕದಾದಷ್ಟೂ ಒಬ್ಬೊಬ್ಬರ ಕಾಲಿಗೂ ಚೆಂಡು ಸಿಗುವುದು ಜಾಸ್ತಿ, ಯೋಚಿಸಲು ಸಿಗುವ ಹೊತ್ತು ಕಡಿಮೆ. ಮಣ್ಣು ಬಡಿದು ಸಗಣಿ ಸಾರಿಸಿದ ನಮ್ಮ ಅಂಗಳ ಇದಕ್ಕೆಂದೇ ಹುಟ್ಟಿದ ಹಾಗಿದೆ. ಗೋಲಿನ ಕಂಬಕ್ಕೆ ಅಡಿಕೆ ದಬ್ಬೆ, ಬಲೆಗೆ ಹರಿದ ಸೊಳ್ಳೆಪರದೆ, ಕಿತ್ತಳೆ ಶಂಕುವಿನ ಬದಲು ಬೋರಲು ಹಾಕಿದ ತೆಂಗಿನ ಗರಟೆ. ಗರಟೆಗಳ ನಡುವೆ ಚೆಂಡನ್ನು ಹಾವಿನ ಹಾಗೆ ಒಯ್ಯುವಾಗ ತಾಗಿದರೆ ಟಣ್ ಅಂತ ಶಬ್ದವಾಗುತ್ತದೆ, ಪ್ಲಾಸ್ಟಿಕ್ಕಿನ ಶಂಕು ಹಾಗೆ ಚಾಡಿ ಹೇಳುವುದಿಲ್ಲ.

ತೊಂದರೆ ಎಂದರೆ ಅಂಗಳದ ಪಂಚಾಂಗ. ಡಿಸೆಂಬರ್ ಬಂತೆಂದರೆ ಅಲ್ಲಿ ಬೇಯಿಸಿದ ಅಡಿಕೆ ಹರವುತ್ತೇವೆ. ಒಂದೇ ಒಂದು ಒದೆತ ಗುರಿ ತಪ್ಪಿದರೆ ರಾಶಿ, ಬೆಟ್ಟೆ ಎಲ್ಲ ಒಂದಾಗಿ, ಆರಿಸುತ್ತ ಕೂರಬೇಕು. ಜೂನ್ ಬಂತೆಂದರೆ ಮಳೆ. ನಮ್ಮಲ್ಲಿ ಅದು ಬರುತ್ತದೆ ಅನ್ನುವುದಕ್ಕಿಂತ ಇರುತ್ತದೆ ಅನ್ನುವುದೇ ಸರಿ. ಅಂಗಳದಲ್ಲಿ ಪಾಚಿ, ಬಯಲಲ್ಲಿ ಮೊಣಕಾಲು ನೀರು. ಆಗಸ್ಟಿನ ಸುಮಾರಿಗೆ ಗದ್ದೆ ಸಿಕ್ಕರೆ ಕೆಸರಿನಲ್ಲಿ ಆಡಬಹುದು. ಅದು ಫುಟ್‌ಬಾಲಿಗಿಂತ ಹೆಚ್ಚಾಗಿ ಸ್ನಾನ, ಆದರೂ ಕಾಲಿನ ಬಲಕ್ಕೆ ಅದಕ್ಕಿಂತ ಕಸರತ್ತು ಬೇಕಿಲ್ಲ. ಉಳಿದ ಮಳೆಗಾಲವೆಲ್ಲ ಜಗಲಿಯ ಮೂಲೆ ಮತ್ತು ಬಟ್ಟೆಚೆಂಡು.

ಈ ಮೂಲೆಯ ಅಭ್ಯಾಸಕ್ಕೆ ಗುರು ಮೊಬೈಲು. ಅಂಗೈಯಗಲದ ಜಾಗದಲ್ಲಿ ಪಾದದ ಅಡಿಯಿಂದ ಚೆಂಡನ್ನು ಎಳೆಯುವುದು, ಒಳಬದಿಯಿಂದ ಹೊರಬದಿಗೆ ದಾಟಿಸುವುದು, ಹೆಜ್ಜೆ ತಪ್ಪಿಸಿ ತಿರುಗುವುದು, ಇವನ್ನೆಲ್ಲ ತೋರಿಸುವ ವಿಡಿಯೋಗಳು ರಾಶಿ ಇವೆ, ಎಲ್ಲ ಪುಕ್ಕಟೆ. ಆದರೆ ನಮ್ಮ ಮನೆಗೆ ಸಿಗ್ನಲ್ ಬರುವುದಿಲ್ಲ. ಗುಡ್ಡ ಹತ್ತಬೇಕು. ಮೇಲೆ ಹೋದರೂ ಚಿತ್ರ ಗಿರಗಿರ ತಿರುಗಿ ತಿರುಗಿ ಒಂದು ವಿಡಿಯೋ ಮುಗಿಯುವಷ್ಟರಲ್ಲಿ ಕತ್ತಲು. ಹಾಗಾಗಿ ಮಗಳು ಒಂದೇ ಒಂದು ತಿರುವನ್ನು ಕಣ್ಣಲ್ಲಿ ತುಂಬಿಕೊಂಡು ಇಳಿದು ಬರುತ್ತಾಳೆ, ಮುಂದಿನ ಸಲ ಗುಡ್ಡ ಹತ್ತುವ ತನಕ ಅದನ್ನೇ ತಿದ್ದುತ್ತಾಳೆ. ನೆದರ್ಲೆಂಡ್ಸಿನ ವೀಲ್ ಕೂವರ್ ಎಂಬ ಕೋಚ್ ಮಾಡಿದ್ದೂ ಇಂಥದೇ. ದೊಡ್ಡ ಆಟಗಾರರ ಫಿಲ್ಮುಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಅವರ ಒಂದೊಂದು ತಿರುವನ್ನೂ ಬಿಡಿಸಿ, ಮಗುವೊಂದು ಒಂದೇ ಚೆಂಡಿನ ಜೊತೆ ಕಲಿಯುವ ಪಾಠ ಮಾಡಿದರು. 1974ರಲ್ಲಿ ಫೆಯೆನೂರ್ಡ್ ತಂಡಕ್ಕೆ ಯುಯೆಫಾ ಕಪ್ ಗೆದ್ದುಕೊಟ್ಟವರು ಅವರೇ. ಸಿಗ್ನಲ್ ಚೆನ್ನಾಗಿದ್ದಿದ್ದರೆ ನನ್ನ ಮಗಳು ದಿನಕ್ಕೆ ನಲವತ್ತು ವಿಡಿಯೋ ನೋಡಿ ಒಂದನ್ನೂ ಕಲಿಯುತ್ತಿರಲಿಲ್ಲ. ಟವರ್ ಬೇಕೆಂದು ನಾವು ಕೊಟ್ಟ ಅರ್ಜಿಯ ಮೇಲೆ ನಾನೂ ಸಹಿ ಹಾಕಿದ್ದೇನೆ, ಅದು ಬೇರೆ ಮಾತು.

ತಲೆಯಲ್ಲಿ ಹೊಡೆಯುವುದನ್ನು ಮಾತ್ರ ನಾನು ಕಲಿಸಲಿಲ್ಲ. ಅಮೆರಿಕದಲ್ಲಿ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಅದನ್ನು 2015ರಲ್ಲೇ ನಿಷೇಧಿಸಿದರು. ಇಂಗ್ಲೆಂಡ್, ಸ್ಕಾಟ್ಲೆಂಡುಗಳಲ್ಲೂ 2020ರಿಂದ ಪ್ರಾಥಮಿಕ ಶಾಲೆಯ ವಯಸ್ಸಿನವರ ತರಬೇತಿಯಿಂದ ಅದನ್ನು ತೆಗೆದಿದ್ದಾರೆ. ಅಮ್ಮಮ್ಮನಿಗೆ ಇದನ್ನು ಹೇಳಿದಾಗ, ತಲೆ ಇರುವುದು ಗಣಿತಕ್ಕೆ ಅಂತ ತಮಗೆ ಮೊದಲೇ ಗೊತ್ತಿತ್ತು ಅನ್ನುವ ಮುಖ ಮಾಡಿದರು. ಪೌಷ್ಟಿಕಾಂಶದ ಡಬ್ಬಿಯ ಬಗ್ಗೆಯೂ ಅವರದೇ ತೀರ್ಪು. ತೆಳ್ಳೇವು, ತುಪ್ಪ, ಮಜ್ಜಿಗೆ, ಮಳೆಗಾಲದಲ್ಲಿ ಸುಟ್ಟ ಹಲಸಿನ ಬೇಳೆ. ಡಬ್ಬಿ ಬರಲಿಲ್ಲ.

ಇಷ್ಟಾದರೂ ಆಟ ಆಗುವುದಿಲ್ಲ. ಗೋಡೆಗೆ ಚೆಂಡು ಹೊಡೆಯಬಹುದು, ಗೋಡೆಯನ್ನು ದಾಟಿಸಿಕೊಂಡು ಹೋಗಲು ಬರುವುದಿಲ್ಲ. ಗರಟೆಯನ್ನು ಏಮಾರಿಸಿದರೆ ಏನು ಬಂತು? ಎದುರಿಗೆ ಒಬ್ಬರು ಬೇಕು, ಪಕ್ಕಕ್ಕೆ ಒಬ್ಬರು ಬೇಕು. ನಮ್ಮ ಕಡೆ ಸಿಗದಿರುವುದು ಅದೇ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಎಷ್ಟೋ ಮನೆಗಳಲ್ಲಿ ಈಗ ಇಬ್ಬರೇ, ಅಜ್ಜ ಮತ್ತು ಅಜ್ಜಿ. ಮಕ್ಕಳು ಬೆಂಗಳೂರಲ್ಲಿ, ಮೊಮ್ಮಕ್ಕಳು ವಿಡಿಯೋ ಕಾಲಿನಲ್ಲಿ. ಶಾಲೆಗಳಲ್ಲಿ ಬೆರಳೆಣಿಕೆಯ ಹಾಜರಿ. ‘ಹುಡ್ರೇ ಇಲ್ಲೆ, ಎಂತ ಟೀಮು ಮಾರಾಯಾ’ ಅಂತ ಆಚೆಮನೆಯ ಭಾವ ಹೇಳಿದ್ದು ಫುಟ್‌ಬಾಲಿನ ಬಗ್ಗೆ ಮಾತ್ರವೇ ಅಲ್ಲ ಅಂತ ನನಗೆ ಅನ್ನಿಸಿತು. ನಮ್ಮ ಕೇರಿಯಲ್ಲಿ ಮಗಳಿಗೆ ಸಿಕ್ಕವರು ಕೆಳಗಿನ ಮನೆಯ ಇಬ್ಬರು ಹುಡುಗರು, ಗುಡ್ಡದಾಚೆಯ ಒಬ್ಬ ಹುಡುಗಿ. ನಾಲ್ಕು ಜನ. ಅವರು ಆಡುವುದು ಇಬ್ಬರಿಗಿಬ್ಬರು. ಗೋಲಿಗೆ ಯಾರೂ ಇಲ್ಲ.

ಶಾಲೆಯ ಮಟ್ಟದಲ್ಲೂ ನಮ್ಮ ಕಡೆ ಗುಂಪಿನ ಆಟವೆಂದರೆ ಕಬಡ್ಡಿ, ಖೋಖೋ, ವಾಲಿಬಾಲ್, ಥ್ರೋಬಾಲ್. ಅದರಲ್ಲಿ ತಪ್ಪಿಲ್ಲ. ಖೋಖೋದಲ್ಲಿ ಕಂಬದ ಬಳಿ ಎಡಕ್ಕೆ ಹೋಗುವ ಹಾಗೆ ಮೈ ತೋರಿಸಿ ಬಲಕ್ಕೆ ನುಸುಳುವ ಮಗು ಫುಟ್‌ಬಾಲಿಗೆ ಬೇಕಾದ ಅರ್ಧ ವಿದ್ಯೆಯನ್ನು ಅಲ್ಲೇ ಕಲಿತಿರುತ್ತದೆ. ನಮ್ಮ ಮಾಸ್ತರು ಮಗಳನ್ನು ಖೋಖೋಕ್ಕೆ ಎಳೆದುಕೊಂಡಾಗ ನಾನು ಖುಷಿಯಿಂದ ಬಿಟ್ಟುಕೊಟ್ಟೆ. ಈಚೆಗೆ ಸರ್ಕಾರದ ಕಡೆಯಿಂದಲೂ ಚೆಂಡು ಬರುತ್ತಿದೆ. ಫಿಫಾದ ಶಾಲಾ ಯೋಜನೆಗೆ 2022ರ ಅಕ್ಟೋಬರ್‌ನಲ್ಲಿ ಒಪ್ಪಂದವಾಗಿ, ನವೋದಯ ವಿದ್ಯಾಲಯ ಸಮಿತಿಯ ಮೂಲಕ ದೇಶದ ಶಾಲೆಗಳಿಗೆ ಲಕ್ಷಾಂತರ ಚೆಂಡು ಹಂಚಿದ್ದಾರೆ. ನಾನು ಕಂಡ ಒಂದು ಶಾಲೆಯಲ್ಲಿ ಅವು ಬೀರುವಿನಲ್ಲಿ ಬೀಗದೊಳಗಿದ್ದವು. ಹಾಳಾದರೆ ಲೆಕ್ಕ ಕೊಡುವವರು ಯಾರು ಅಂತ ಭಯ. ಒದೆಸಿಕೊಳ್ಳುವುದಕ್ಕೇ ಹುಟ್ಟಿದ ವಸ್ತುವನ್ನು ಸ್ಟಾಕ್ ಬುಕ್ಕಿಗೆ ಹತ್ತಿಸಿದರೆ ಹೀಗೇ ಆಗುವುದು.

ಹಾಗಂತ ನಮ್ಮ ಜಿಲ್ಲೆ ಆಟಕ್ಕೆ ಬರಡಲ್ಲ. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಜಾವೆಲಿನ್ನಿಗೆ ಕಂಚು ತಂದ ಕಾಶಿನಾಥ ನಾಯ್ಕ ಶಿರಸಿ ಕಡೆಯವರು. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದಿತ್ತು. ಕಮಲಾ ಸಿದ್ದಿಯಂಥವರು ಹೊರದೇಶದಲ್ಲಿ ಭಾರತದ ಅಂಗಿ ತೊಟ್ಟು ಓಡಿದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ಪ್ರತಿಭೆಗೆ ಬರ ಬಂದು ನಿಂತದ್ದಲ್ಲ ಅದು. ಇತ್ತ ಮುಂಡಗೋಡಿನ ಟಿಬೆಟನ್ ಕಾಲೊನಿಯವರನ್ನು ನೋಡಬೇಕು. 1966ರಲ್ಲಿ ನೆಲೆ ನಿಂತವರು. ದಲೈ ಲಾಮಾ ಅವರ ತಾಯಿಯ ನೆನಪಿಗೆ 1981ರಲ್ಲಿ ಶುರುವಾದ ಗ್ಯಾಲ್ಯುಮ್ ಚೆಮೊ ಗೋಲ್ಡ್ ಕಪ್ಪಿಗೆ ಬೇರೆ ಬೇರೆ ರಾಜ್ಯಗಳ ಟಿಬೆಟನ್ ವಸತಿಗಳಿಂದ ತಂಡಗಳು ಬರುತ್ತವೆ. ಊರು ಬಿಟ್ಟು ಚದುರಿಹೋದವರೇ ಸೇರಿ ಒಂದು ಪಂದ್ಯಾವಳಿಯನ್ನು ಇಷ್ಟು ವರ್ಷ ನಡೆಸಿಕೊಂಡು ಬಂದಿದ್ದಾರೆ. ಊರಲ್ಲೇ ಇರುವ ನಮಗೆ ನಾಲ್ಕು ಹಳ್ಳಿಯ ಮಕ್ಕಳನ್ನು ಒಂದು ಸಂಜೆ ಸೇರಿಸುವುದು ಕಷ್ಟವಾಗುತ್ತಿದೆ. ಇನ್ನು, 2022ರಲ್ಲಿ ಭಾರತದಲ್ಲೇ ನಡೆದ ಹದಿನೇಳರೊಳಗಿನ ಹುಡುಗಿಯರ ವಿಶ್ವಕಪ್ಪಿನಲ್ಲಿ ನಮ್ಮ ತಂಡದ ನಾಯಕಿಯಾಗಿದ್ದ ಜಾರ್ಖಂಡಿನ ಅಸ್ತಮ್ ಓರಾಂವ್ ಕೂಲಿ ಮಾಡುವವರ ಮಗಳು. ಆ ಹುಡುಗಿಯ ಫೋಟೋವನ್ನು ಮಗಳು ಪೇಪರಿನಿಂದ ಕತ್ತರಿಸಿ ಗಣಿತದ ಪುಸ್ತಕಕ್ಕೆ ಹೊದಿಸಿದ ಬೈಂಡಿನ ಒಳಗೆ ಇಟ್ಟುಕೊಂಡಿದ್ದಾಳೆ.

ಮೇ ತಿಂಗಳು ಮಾತ್ರ ನಮ್ಮ ಸುಗ್ಗಿ. ಅಡಿಕೆ ಅಂಗಳದಿಂದ ಎದ್ದಿರುತ್ತದೆ, ಮಳೆ ಇನ್ನೂ ಬಂದಿರುವುದಿಲ್ಲ, ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ಮೊಮ್ಮಕ್ಕಳೆಲ್ಲ ಬಂದು ಇಳಿಯುತ್ತಾರೆ. ಅಕಾಡೆಮಿಯ ಮಾಣಿಯೂ ಬಂದ, ಬೆನ್ನ ಮೇಲೆ ಹೆಸರಿನ ಸಮೇತ. ಮೊದಲ ದಿನ ಇಳಿಜಾರು ಅವನನ್ನು ಹೈರಾಣು ಮಾಡಿತು. ಪಾಪ, ಪ್ಲಾಸ್ಟಿಕ್ ಹುಲ್ಲಿನ ಮೇಲೆ ಚೆಂಡು ಹೇಳಿದ ಕಡೆ ನಿಲ್ಲುತ್ತದೆ. ಮಗಳು ಎರಡು ಕಾಲಲ್ಲೂ ಚೆಂಡನ್ನು ಅಂಟಿಸಿಕೊಂಡು ಅವನ ಸುತ್ತ ತಿರುಗಿದಾಗ ನಾನು ತಮ್ಮನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದೆ. ಆದರೆ ನಾಲ್ಕು ದಿನ ಆಡುವಷ್ಟರಲ್ಲಿ ಇನ್ನೊಂದು ಸಂಗತಿ ಕಂಡಿತು. ಮಾಣಿಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತು. ಚೆಂಡು ಬರುವ ಮೊದಲೇ ತಲೆಯೆತ್ತಿ ಅಕ್ಕಪಕ್ಕ ನೋಡುತ್ತಾನೆ, ಯಾರಿಗೆ ಕೊಡಬೇಕೆಂದು ಮೊದಲೇ ತೀರ್ಮಾನಿಸುತ್ತಾನೆ. ಮಗಳು ತಲೆ ಬಗ್ಗಿಸಿ ಚೆಂಡನ್ನೇ ನೋಡುತ್ತ, ಎಲ್ಲರನ್ನೂ ದಾಟಿ, ಕೊನೆಗೆ ಗೋಲಿನ ಬದಿಗೆ ಬಂದು ನಿಲ್ಲುತ್ತಾಳೆ. ಕೊಡುವ ಅಭ್ಯಾಸ ಇಲ್ಲ. ಎಲ್ಲಿಂದ ಬರಬೇಕು? ಗೋಡೆಗೆ ಕೊಟ್ಟರೆ ತಿರುಗಿ ತನಗೇ ಬರುತ್ತದೆ. ತಮ್ಮ ಕೊಡುವ ಶುಲ್ಕ ಹುಲ್ಲಿಗೂ ದೀಪಕ್ಕೂ ಹೋಗುವುದಾದರೆ ದಂಡ, ಆದರೆ ಅದರಲ್ಲಿ ಒಂದಿಷ್ಟು ಆ ಹದಿನೆಂಟಿಪ್ಪತ್ತು ಜೊತೆ ಮಕ್ಕಳಿಗೂ, ‘ತಲೆ ಎತ್ತು’ ಅಂತ ಸಮಯಕ್ಕೆ ಸರಿಯಾಗಿ ಕೂಗುವ ಒಬ್ಬ ಕೋಚಿಗೂ ಹೋಗುತ್ತದೆ. ಅದು ದಂಡವಲ್ಲ ಅಂತ ತಮ್ಮನಿಗೆ ಹೇಳಿದೆ. ಅವನು ಅದನ್ನು ಎರಡು ಸಲ ಹೇಳಿಸಿಕೊಂಡ.

ಮೇ ಮುಗಿದು ಮೊಮ್ಮಕ್ಕಳು ಬಸ್ ಹತ್ತಿದ ಮೇಲೆ ನಾವು ಅಪ್ಪಂದಿರು ನಾಲ್ಕೈದು ಜನ ಕೂತು ಒಂದು ಏರ್ಪಾಡು ಮಾಡಿಕೊಂಡೆವು. ಭಾನುವಾರ ಮಧ್ಯಾಹ್ನ ಮಳೆ ಬಿಟ್ಟರೆ ಅಕ್ಕಪಕ್ಕದ ಊರುಗಳ ಮಕ್ಕಳನ್ನೆಲ್ಲ ಒಂದು ಜೀಪಿನಲ್ಲಿ ತುಂಬಿಕೊಂಡು, ಸ್ವಲ್ಪ ಕಡಿಮೆ ಇಳಿಜಾರಿನ ಬಯಲೊಂದಕ್ಕೆ ಒಯ್ಯುವುದು. ಬಾಡಿಗೆ ತಲಾ ಹಂಚಿಕೆ. ಹುಡುಗ, ಹುಡುಗಿ, ದೊಡ್ಡವರು, ಚಿಕ್ಕವರು ಎಲ್ಲ ಕಲಬೆರಕೆ. ಒಬ್ಬರು ಸತತ ಮೂರು ಸಲಕ್ಕಿಂತ ಹೆಚ್ಚು ಚೆಂಡು ಮುಟ್ಟುವಂತಿಲ್ಲ, ಇನ್ನೊಬ್ಬರಿಗೆ ಕೊಡಲೇಬೇಕು ಅಂತ ಒಂದೇ ನಿಯಮ. ಮೊದಲ ವಾರ ಮಗಳು ಆ ನಿಯಮದ ಮೇಲೆ ಸಿಟ್ಟಾಗಿ ಅರ್ಧ ಆಟಕ್ಕೇ ಬಂದು ಜೀಪಿನಲ್ಲಿ ಕೂತಳು. ಎರಡನೇ ವಾರ ಗುಡ್ಡದಾಚೆಯ ಹುಡುಗಿಗೆ ಕೊಟ್ಟ ಚೆಂಡು ಗೋಲಾಯಿತು. ಅವತ್ತಿನಿಂದ ಅವರಿಬ್ಬರದೇ ಒಂದು ಪಕ್ಷ.

ಇಡೀ ಬಾಬ್ತಿನಲ್ಲಿ ದೊಡ್ಡ ಖರ್ಚು ಜೀಪಿನದೇ. ಡೀಸೆಲ್ಲಿಗೆ ಒಂದು, ಕಾಯುವುದಕ್ಕೆ ಒಂದು ಅಂತ ಡ್ರೈವರು ಎರಡು ಲೆಕ್ಕ ಬರೆಯುತ್ತಿದ್ದ. ಬಯಲ ಬದಿಗೆ ಎಲೆಯಡಿಕೆ ಹಾಕಿಕೊಂಡು ಕೂರುತ್ತಿದ್ದವನನ್ನು ಒಂದು ದಿನ ಮಕ್ಕಳು ಕೈ ಹಿಡಿದು ಎಳೆದು ಗೋಲಿಗೆ ನಿಲ್ಲಿಸಿದರು. ಆರಡಿ ಎತ್ತರದ ಆಳು, ಎಲೆಯಡಿಕೆ ಉಗಿಯಲೂ ಪುರುಸೊತ್ತಿಲ್ಲದ ಹಾಗೆ ಎಡಕ್ಕೂ ಬಲಕ್ಕೂ ಬಿದ್ದ. ಈಗ ಕಾಯುವ ಲೆಕ್ಕ ಬರೆಯುವುದನ್ನು ಬಿಟ್ಟಿದ್ದಾನೆ. ಶನಿವಾರವೇ ಫೋನ್ ಮಾಡಿ ನಾಳೆ ಉಂಟೋ ಇಲ್ಲವೋ ಅಂತ ಕೇಳುತ್ತಾನೆ. ಮೊನ್ನೆ ಬಾಡಿಗೆ ಎಣಿಸಿಕೊಟ್ಟು ಹೊರಟ ನನ್ನನ್ನು ನಿಲ್ಲಿಸಿ, ‘ಹೆಗಡೇರೇ, ಆ ನಿಮ್ಮ ಮಗಳ ಹೊಡ್ತಕ್ಕೆ ಕೈ ಉರಿತದೆ, ಶಿರಸಿಗೆ ಹೋದ್ರೆ ಒಂದು ಜೊತೆ ಗ್ಲೌಸ್ ತನ್ನಿ’ ಅಂದ. ಅದರ ಬೆಲೆ ಎಷ್ಟಿದೆಯೋ, ವಿಚಾರಿಸಬೇಕು.